ಮಕ್ಕಳ ಕಾಲೇಜಿಗೆ ಎಷ್ಟು ಕೊಡಬೇಕು, ಯಾವುದನ್ನು ಮುಟ್ಟಬಾರದು: ತಂದೆ ತಾಯಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ರೋಣ ತಾಲ್ಲೂಕಿನ ನಮ್ಮ ಮನೆಯಲ್ಲಿ ರಾಶಿ ಮುಗಿದ ಕೂಡಲೇ ಅವ್ವ ಬೀಜದ ಜೋಳವನ್ನು ಬೇರೆ ಮಾಡುತ್ತಿದ್ದಳು. ಗಟ್ಟಿ ತೆನೆಗಳನ್ನು ಆರಿಸಿ, ಕಾಳು ಬಿಡಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಗಡಿಗೆಯ ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೆ ಏರಿಸುತ್ತಿದ್ದಳು. ಉಳಿದದ್ದು ಊಟದ ಕಾಳು ತುಂಬಿಡುವ ನೆಲದೊಳಗಿನ ಗುಂಡಿಗೆ, ಅಂದರೆ ಹಗೇವಿಗೆ ಇಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ಹಗೇವು ಬರಿದಾಗಿ ನಾವು ಕಡ ತಂದ ಜೋಳ ಉಂಡಿದ್ದೇವೆ, ರೊಟ್ಟಿ ಬಿಟ್ಟು ನುಚ್ಚು ಕುಡಿದಿದ್ದೇವೆ. ಆ ಗಡಿಗೆಗೆ ಮಾತ್ರ ಯಾರೂ ಕೈ ಹಾಕಲಿಲ್ಲ.

ಅದೇ ಮನೆಯ ಯಜಮಾನರಾದ ನನ್ನ ಅಪ್ಪ, ಅಣ್ಣನ ಇಂಜಿನಿಯರಿಂಗ್ ಸೀಟಿಗಾಗಿ ನಾಲ್ಕು ಎಕರೆ ಎರೆ ಹೊಲವನ್ನು ಎಂಟೇ ದಿನದಲ್ಲಿ ಮಾರಿದರು. ಅಣ್ಣ ಓದಿದ, ಕೆಲಸಕ್ಕೆ ಸೇರಿದ, ಕೈಲಾದಷ್ಟು ಮನೆಗೆ ಕಳಿಸಿದ. ಅವನ ಮೇಲೆ ನನಗೆ ದೂರಿಲ್ಲ. ಆದರೆ ಮೊದಲ ಐದಾರು ವರ್ಷ ಅವನ ಸಂಬಳ ಅವನಿಗೇ ಸಾಲುತ್ತಿರಲಿಲ್ಲ. ಅದೇ ವರ್ಷಗಳಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ ಬಲಿಯಿತು. ಒಂದು ಕಾಲಕ್ಕೆ ನಮ್ಮದೇ ಆಗಿದ್ದ ಹೊಲಕ್ಕೆ ಅವ್ವ ಹೆಸರುಕಾಯಿ ಬಿಡಿಸುವ ಕೂಲಿಗೆ ಹೋದಳು. ಆ ಸಂಜೆ ಅವಳು ಮನೆಗೆ ಬಂದು ಕೈಕಾಲು ತೊಳೆದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮುಂದೆ ನಾನು ಗದಗದ ಪದವಿಪೂರ್ವ ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಕಲಿಸಿ ನಿವೃತ್ತನಾದೆ. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ತಂದೆ ತಾಯಿಗಳು ಬಂದು ಕೂರುತ್ತಿದ್ದರು. "ಎಷ್ಟಾದರೂ ಆಗಲಿ ಸರ್, ಓದಿಸುತ್ತೇವೆ" ಎನ್ನುತ್ತಿದ್ದರು. ಆ ಮಾತಿನಲ್ಲಿ ಪ್ರೀತಿಯಿದೆ, ಲೆಕ್ಕವಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಮಕ್ಕಳ ಓದಿಗೆ ಹಗೇವಿನಲ್ಲಿರುವುದನ್ನೆಲ್ಲ ಕೊಡಿ, ಬೀಜದ ಗಡಿಗೆಯನ್ನು ಮುಟ್ಟಬೇಡಿ. ಯಾವುದು ಹಗೇವು, ಯಾವುದು ಗಡಿಗೆ ಎಂಬುದನ್ನು ಸೀಟು ಸಿಗುವ ಮುಂಚೆಯೇ ತೀರ್ಮಾನಿಸಬೇಕು. ಸೀಟು ಸಿಕ್ಕ ದಿನ ಯಾರ ತಲೆಯೂ ನೆಟ್ಟಗಿರುವುದಿಲ್ಲ.

ಮೊದಲ ಹೆಜ್ಜೆ: ಬೀಜದ ಗಡಿಗೆಯನ್ನು ಗುರುತಿಸಿ

ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಕೂತು ಮನೆಯಲ್ಲಿರುವುದನ್ನೆಲ್ಲ ಬರೆಯಿರಿ: ಹೊಲ, ಮನೆ, ನಿವೇಶನ, ಬಂಗಾರ, ಠೇವಣಿ, ಪಿಗ್ಮಿ, ಚೀಟಿ, ಭವಿಷ್ಯನಿಧಿ, ವಿಮೆ, ದನಕರು. ಜೊತೆಗೆ ಸಾಲವನ್ನೂ ಬರೆಯಿರಿ. ಕೈಗಡವನ್ನು ಹೆಂಡತಿಗೆ ಹೇಳದೆ ಮುಚ್ಚಿಟ್ಟ ಗಂಡಂದಿರನ್ನು ನಾನು ಬಹಳ ನೋಡಿದ್ದೇನೆ. ಅದು ಹೊರಬರಬೇಕಾದ ದಿನ ಇದೇ.

ಆಮೇಲೆ ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದು ಹೋದರೆ ನಮ್ಮ ವಯಸ್ಸಿನಲ್ಲಿ ಮತ್ತೆ ಬಂದೀತೇ? ಬರುವುದಾದರೆ ಅದು ಹಗೇವಿನದು. ಬಾರದಿದ್ದರೆ ಗಡಿಗೆಯದು.

ವಾಸದ ಮನೆ ಗಡಿಗೆಯದು. ವರ್ಷದ ಊಟಕ್ಕೆ ಆಧಾರವಾದ ಹೊಲ ಗಡಿಗೆಯದು. ಊರಾಚೆ ಬೀಳು ಬಿದ್ದ ಎರಡು ಎಕರೆ ಮಸಾರಿ ನೆಲವನ್ನು ನಾನು ಇದಕ್ಕೆ ಸೇರಿಸುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬೆಳೆದು ವರ್ಷಕ್ಕೊಮ್ಮೆ ಕೈತುಂಬ ದುಡ್ಡು ತರುವ ಹೊಲವನ್ನು ಖಂಡಿತ ಸೇರಿಸುತ್ತೇನೆ. ಪಿಂಚಣಿ ಇಲ್ಲದ ನೌಕರಿಯಲ್ಲಿರುವವರಿಗೆ ಭವಿಷ್ಯನಿಧಿ ಗಡಿಗೆಯದೇ. ಮಕ್ಕಳ ಓದಿಗೆ ಅದರಿಂದ ಹಣ ತೆಗೆಯಲು ನಿಯಮ ಅವಕಾಶ ಕೊಡುತ್ತದೆ, ನಿಜ. ಆದರೆ ನಲವತ್ತೆಂಟನೆಯ ವಯಸ್ಸಿನಲ್ಲಿ ತೆಗೆದ ಮೂರು ಲಕ್ಷ ಅರವತ್ತರವರೆಗೆ ಬಡ್ಡಿಗೆ ಬಡ್ಡಿ ಸೇರಿ ಬೆಳೆಯುತ್ತಿತ್ತು. 2024-25ರಲ್ಲಿ ಅದಕ್ಕೆ ಸಿಕ್ಕ ಬಡ್ಡಿ ಶೇಕಡಾ 8.25. ಆ ದರದಲ್ಲಿ ಹಣ ಒಂಬತ್ತು ವರ್ಷದೊಳಗೆ ಇಮ್ಮಡಿಯಾಗುತ್ತದೆ. ಮಗನಿಗೆ ಓದಲು ಬ್ಯಾಂಕು ಸಾಲ ಕೊಡುತ್ತದೆ. ನಿಮಗೆ ಮುದುಕರಾಗಲು ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ.

ಔಷಧಿಯ ಹಣವೂ ಗಡಿಗೆಯದು, ಅದರಲ್ಲೂ ತಾಯಿಯ ಔಷಧಿ. ಈ ತ್ಯಾಗ ಯಾವ ಲೆಕ್ಕಕ್ಕೂ ಬರುವುದಿಲ್ಲ. ರಕ್ತದೊತ್ತಡದ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗುವುದು, ಮಂಡಿನೋವಿಗೆ ವೈದ್ಯರನ್ನು ಕಾಣದೆ ವರ್ಷ ದೂಡುವುದು, ರಾತ್ರಿ ಹನ್ನೆರಡರವರೆಗೆ ಹೊಲಿಗೆ ಯಂತ್ರ ತುಳಿಯುವುದು. ಮನೆಯ ಗಂಡಸರು ಇದನ್ನು ನೋಟುಪುಸ್ತಕದಲ್ಲಿ ಬರೆಯುವುದಿಲ್ಲ. ಹೆಂಗಸರೇ ಬರೆಯಬೇಕು, ಬರೆದದ್ದನ್ನು ಬಿಟ್ಟುಕೊಡಬಾರದು.

ಕೊನೆಯದಾಗಿ, ಇನ್ನೊಂದು ಮಗುವಿನ ಪಾಲು. ಪಿತ್ರಾರ್ಜಿತ ಹೊಲದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಇದನ್ನು ದೇಶಕ್ಕೆಲ್ಲ ಅನ್ವಯಿಸಿತು. ಮಗನ ಸೀಟಿಗಾಗಿ ಆ ಹೊಲ ಮಾರುವ ತಂದೆ ಮಗಳ ಪಾಲನ್ನೂ ಮಾರುತ್ತಿರುತ್ತಾನೆ. ಹೆಣ್ಣುಮಕ್ಕಳು ಮರುಮಾತಿಲ್ಲದೆ ಸಹಿ ಹಾಕಿಕೊಟ್ಟರು ಎಂಬುದು ಅದನ್ನು ನ್ಯಾಯವಾಗಿಸುವುದಿಲ್ಲ.

ಇನ್ನು ಹಗೇವಿನದು ಯಾವುದು? ಹೊಸ ಬೈಕು, ಮನೆಗೆ ಎರಡನೆಯ ಅಂತಸ್ತು, ಖಾಲಿ ನಿವೇಶನ, ಜಾತ್ರೆ ಮತ್ತು ಮದುವೆಯ ಆಡಂಬರ, ಆವರ್ತ ಠೇವಣಿ, ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆ. ಆ ಖಾತೆಯಲ್ಲಿ ಮಗಳು ಹತ್ತನೆಯ ತರಗತಿ ಮುಗಿಸಿದ ಮೇಲೆ ಅಥವಾ ಹದಿನೆಂಟು ತುಂಬಿದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಬಹುದು. ಮದುವೆಗೆಂದು ಕೂಡಿಟ್ಟ ಹಣವನ್ನೂ ನಾನು ಹಿಂದುಮುಂದು ನೋಡದೆ ಓದಿನ ಕಡೆಗೆ ತಿರುಗಿಸುತ್ತೇನೆ. ಬಂಗಾರದ ವಿಷಯದಲ್ಲಿ ಒಂದು ಮಾತು: ಅದು ಹೆಂಡತಿಯದು. ಅವಳು ತಾನಾಗಿ ಬಿಚ್ಚಿಕೊಟ್ಟರೆ ಹಗೇವಿನದು, ಇಲ್ಲವಾದರೆ ಅದರ ಮಾತೇ ಎತ್ತಬೇಡಿ.

ಎರಡನೆಯ ಹೆಜ್ಜೆ: ಮೊದಲ ವರ್ಷದ ಶುಲ್ಕ ನೋಡಬೇಡಿ, ಇಡೀ ಕೋರ್ಸಿನ ಲೆಕ್ಕ ಹಾಕಿ

ಎಲ್ಲರೂ ಮೊದಲ ಕಂತನ್ನು ಹೇಗಾದರೂ ಕಟ್ಟುತ್ತಾರೆ. ಮುರಿದು ಬೀಳುವುದು ಮೂರನೆಯ ವರ್ಷದಲ್ಲಿ.

ಒಂದು ಮಾದರಿ ಲೆಕ್ಕ ಹಾಕೋಣ. ಅಂಕಿಗಳನ್ನು ನಿಮ್ಮ ಕಾಲೇಜಿಗೆ ತಕ್ಕಂತೆ ಬದಲಿಸಿಕೊಳ್ಳಿ. ಸಿಇಟಿ ಮೂಲಕ ಖಾಸಗಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೀಟು, ವರ್ಷಕ್ಕೆ ಒಂದು ಲಕ್ಷ ಶುಲ್ಕ ಎಂದಿಟ್ಟುಕೊಳ್ಳಿ. ಕೋಣೆ ಮತ್ತು ಖಾನಾವಳಿಗೆ ತಿಂಗಳಿಗೆ ಏಳು ಸಾವಿರದಂತೆ ಹತ್ತು ತಿಂಗಳಿಗೆ 70,000. ಪುಸ್ತಕ, ಪರೀಕ್ಷಾ ಶುಲ್ಕ, ಊರಿಗೆ ಓಡಾಟ ಸೇರಿ 15,000. ವರ್ಷಕ್ಕೆ 1,85,000 ಆಯಿತು. ನಾಲ್ಕು ವರ್ಷಕ್ಕೆ 7,40,000, ಲ್ಯಾಪ್‌ಟಾಪಿಗೆ ಒಮ್ಮೆ 50,000. ಸುಮಾರು ಎಂಟು ಲಕ್ಷ.

ಅದೇ ಹುಡುಗ ಅಣ್ಣಿಗೇರಿಯವನಾಗಿದ್ದು ದಿನವೂ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿಬಂದರೆ ಕೋಣೆಯ 70,000 ಉಳಿಯುತ್ತದೆ, ಓಡಾಟಕ್ಕೆ 10,000 ಸೇರುತ್ತದೆ. ಒಟ್ಟು ಐದೂವರೆ ಲಕ್ಷಕ್ಕೆ ಇಳಿಯುತ್ತದೆ. ಮಾಸಿಕ ಸೀಜನ್ ಟಿಕೆಟ್ ಮತ್ತು ವಾಯವ್ಯ ಸಾರಿಗೆಯ ವಿದ್ಯಾರ್ಥಿ ಪಾಸು ಈ ಭಾಗದ ಸಾವಿರಾರು ಮಕ್ಕಳನ್ನು ಓದಿಸಿವೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಇಷ್ಟಾದರೂ ಹೋಗಿಬರಲು ದಿನಕ್ಕೆ ಮೂರು ತಾಸು ದಾಟುವುದಾದರೆ ನಾನು ಒಪ್ಪುವುದಿಲ್ಲ. ಗಜೇಂದ್ರಗಡದಿಂದ ಹುಬ್ಬಳ್ಳಿಗೆ ನಿತ್ಯ ಓಡಾಡುವ ಹುಡುಗಿಗೆ ಓದಲು ಕಣ್ಣೇ ಉಳಿಯುವುದಿಲ್ಲ.

ಪಿಯುಸಿಯ ಲೆಕ್ಕವನ್ನೂ ಇದರೊಳಗೇ ಸೇರಿಸಿ. ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಪಿಯುಸಿಯ ಜೊತೆಗೇ ನೀಟ್, ಸಿಇಟಿ ತರಬೇತಿ ಕೊಡುವ ಕಡೆ ಎರಡು ವರ್ಷ ಇರಿಸಿ, ಕೂಡಿಟ್ಟದ್ದೆಲ್ಲ ಅಲ್ಲಿಯೇ ಕರಗಿಸಿಕೊಂಡು, ನಿಜವಾದ ಕಾಲೇಜಿನ ಹೊತ್ತಿಗೆ ಬರಿಗೈಯಾದ ಮನೆಗಳು ಬಹಳ. ಪಿಯುಸಿಗೆ ಖರ್ಚು ಮಾಡುವ ಪ್ರತಿ ರೂಪಾಯಿಯೂ ಪದವಿಯ ಹಣದಿಂದಲೇ ಹೋಗುತ್ತಿದೆ ಎಂಬುದು ನೆನಪಿರಲಿ.

ಮೂರನೆಯ ಹೆಜ್ಜೆ: ಸೀಟಿನ ಬಗೆಯನ್ನು ಅರಿಯಿರಿ

ಒಂದೇ ಕಾಲೇಜು, ಒಂದೇ ಬೆಂಚು, ಒಂದೇ ಪಾಠ. ಆದರೆ ಒಬ್ಬನ ಅಪ್ಪ ಕಟ್ಟುವುದು ಇನ್ನೊಬ್ಬನ ಅಪ್ಪ ಕಟ್ಟುವುದರ ಮೂರು ನಾಲ್ಕು ಪಟ್ಟು. ಸಿಇಟಿ ಸೀಟಿನ ಶುಲ್ಕವನ್ನು ಸರ್ಕಾರ ನಿಗದಿ ಮಾಡುತ್ತದೆ. ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪರೀಕ್ಷೆಯಿಂದ ಸಿಗುವ ಕಾಮೆಡ್‌ಕೆ ಸೀಟು ಅದಕ್ಕಿಂತ ಬಹಳ ದುಬಾರಿ. ಆಡಳಿತ ಮಂಡಳಿ ಸೀಟಿಗೆ ಹೇಳಿದ್ದೇ ಬೆಲೆ. ವೈದ್ಯಕೀಯದಲ್ಲಿ ಈ ಅಂತರ ಸಾವಿರಗಳಿಂದ ಹತ್ತಾರು ಲಕ್ಷಗಳಿಗೆ ಜಿಗಿಯುತ್ತದೆ.

ಹಾಗಾಗಿ ಹೊಲ ಅಳೆಯುವ ಮುಂಚೆ ಮೀಸಲಾತಿಯ ದಾಖಲೆಗಳನ್ನು ಹೊಂದಿಸಿಕೊಳ್ಳಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇಕಡಾ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು ಇದೆ. ಶಿರಹಟ್ಟಿ, ನವಲಗುಂದ, ಹಿರೇಕೆರೂರು ಕಡೆಯ ಹಳ್ಳಿಯ ಮಕ್ಕಳಿಗೆ ಇದು ಬಹಳ ದೊಡ್ಡ ಬಲ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇಲ್ಲವೆಂಬ ಒಂದೇ ಕಾರಣಕ್ಕೆ ಆ ಬಲವನ್ನು ಕಳೆದುಕೊಂಡು, ವರ್ಷಕ್ಕೆ ಹೆಚ್ಚುವರಿ ಲಕ್ಷ ಕಟ್ಟಿದ ಮನೆಯೊಂದನ್ನು ನಾನು ಬಲ್ಲೆ. ಸಹಿಗಾಗಿ ಅಲೆಯುವುದು ಬೇಸರದ ಕೆಲಸ, ಆದರೆ ಅದೂ ತ್ಯಾಗವೇ, ಅದೂ ಬಹಳ ಅಗ್ಗದ ತ್ಯಾಗ. ಇದಲ್ಲದೆ ಕುಟುಂಬದ ವಾರ್ಷಿಕ ವರಮಾನ ಎಂಟು ಲಕ್ಷದೊಳಗಿದ್ದರೆ ಇಂಜಿನಿಯರಿಂಗ್‌ನಲ್ಲಿ ಬೋಧನಾ ಶುಲ್ಕ ಮನ್ನಾ ಆಗುವ ಶೇಕಡಾ 5 ಹೆಚ್ಚುವರಿ ಸೀಟುಗಳಿವೆ. ಎಸ್‌ಎನ್‌ಕ್ಯೂ ಎಂದು ಕರೆಯುವ ಈ ಸೀಟಿಗೆ ಅರ್ಜಿಯಲ್ಲಿಯೇ ಗುರುತು ಹಾಕಬೇಕು.

ಇನ್ನು ನನ್ನ ತೀರ್ಪು. ಬೀಜದ ಗಡಿಗೆ ಒಡೆದು ಆಡಳಿತ ಮಂಡಳಿ ಸೀಟು ಕೊಳ್ಳಬೇಡಿ, ಎಂದಿಗೂ. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲವೆಂದು ಹದಿನೈದು ಲಕ್ಷ ಸುರಿಯುವ ಬದಲು ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿಕ್ಕ ವಿಭಾಗವನ್ನು ಮನಸ್ಸಿಟ್ಟು ಓದುವುದು ಮೇಲು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳು, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ, ಇವೆಲ್ಲ ಮನೆಯ ಬಾಗಿಲಲ್ಲೇ ಇವೆ. ನೆರೆಮನೆಯವರ ಮುಂದೆ ಹೇಳಿಕೊಳ್ಳಲು ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ಪದ ನಮಗೆ ಸಾಕಾಗಿರುವುದು ನಮ್ಮ ಊನ, ಮಕ್ಕಳದ್ದಲ್ಲ. ನೀಟ್‌ಗೆ ಮರುಪ್ರಯತ್ನ ಒಮ್ಮೆ ಮಾಡಲಿ, ಮೊದಲ ಸಲದ ಅಂಕ ಸರ್ಕಾರಿ ಸೀಟಿನ ಹತ್ತಿರಕ್ಕೆ ಬಂದಿದ್ದರೆ ಮಾತ್ರ.

ನಾಲ್ಕನೆಯ ಹೆಜ್ಜೆ: ಮನೆಯ ಹಣಕ್ಕೂ ಮೊದಲು ಹೊರಗಿನ ಹಣ

ಈ ಭಾಗದಲ್ಲಿ ಮಕ್ಕಳ ಓದಿನ ಭಾರವನ್ನು ತಂದೆ ತಾಯಿ ಮಾತ್ರ ಹೊತ್ತವರಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಎಷ್ಟು ಮಂದಿಯೋ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಅವ್ವಂದಿರು ಕಳಿಸುತ್ತಿದ್ದ ಬುತ್ತಿಯ ಡಬ್ಬಿಯನ್ನು ನಿರ್ವಾಹಕರು ಜೋಪಾನವಾಗಿ ತಂದು ಧಾರವಾಡದ ಹುಡುಗರ ಕೈಗೆ ಮುಟ್ಟಿಸುತ್ತಿದ್ದರು. ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಈಗಿನ ದಾರಿಗಳನ್ನು ನೋಡಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಜಾಲತಾಣದಲ್ಲಿ ಒಂದೇ ಅರ್ಜಿ ಹಾಕಬೇಕು. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ಮತ್ತು ವಸತಿಗೆ ತಿಂಗಳಿಗಿಷ್ಟೆಂದು ಹತ್ತು ತಿಂಗಳು ಹಣ ಸಿಗುತ್ತದೆ. ತಾಂತ್ರಿಕ ಕೋರ್ಸು ಸೇರಿದ ಹೆಣ್ಣುಮಕ್ಕಳಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಕೊಡುತ್ತಾರೆ, ವರಮಾನ ಎಂಟು ಲಕ್ಷ ಮೀರಿರಬಾರದು. ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿ ಪದವಿ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ಕೊಡುತ್ತದೆ. ಧಾರವಾಡದ ವಿದ್ಯಾಪೋಷಕ್ ಬಡ ಪ್ರತಿಭಾವಂತ ಮಕ್ಕಳಿಗಾಗಿಯೇ ಕೆಲಸ ಮಾಡುತ್ತಿದೆ. ಕಟ್ಟಡ ಕೆಲಸದ ಕಾರ್ಮಿಕ ಕಾರ್ಡು ಇರುವ ಮನೆಗಳು ಕಾರ್ಮಿಕ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವನ್ನು ಮರೆಯಬಾರದು.

ಒಂದು ಎಚ್ಚರಿಕೆ: ವಿದ್ಯಾರ್ಥಿವೇತನ ತಡವಾಗಿ ಬರುತ್ತದೆ. ಕಾಲೇಜು ಶುಲ್ಕವನ್ನು ಮೊದಲೇ ಕೇಳುತ್ತದೆ. ಬರುವ ಹಣವನ್ನು ಮುಂದಿನ ವರ್ಷದ ಖರ್ಚಿನಲ್ಲಿ ಕಳೆಯಿರಿ, ಈ ವರ್ಷದ್ದರಲ್ಲಿ ಬೇಡ.

ಐದನೆಯ ಹೆಜ್ಜೆ: ಶೈಕ್ಷಣಿಕ ಸಾಲಕ್ಕೆ ಹೆದರಬೇಡಿ, ಅದನ್ನು ಅಳೆದು ತೆಗೆದುಕೊಳ್ಳಿ

ಹೊಲ ಮಾರಿದರೆ ಮಾನ ಉಳಿಯುತ್ತದೆ, ಸಾಲ ಮಾಡಿದರೆ ಹೋಗುತ್ತದೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಹೊಲ ಮಾರಿದಾಗ ಇಡೀ ಭಾರ ದುಡಿಮೆ ಮುಗಿಯುತ್ತಿರುವವರ ಮೇಲೆ ಬೀಳುತ್ತದೆ. ಸಾಲವಾದರೆ ದುಡಿಮೆ ಶುರುವಾಗುತ್ತಿರುವವನೂ ಹೆಗಲು ಕೊಡುತ್ತಾನೆ. ಓದಿನ ಫಲ ಉಣ್ಣುವವನು ಅದರ ಖರ್ಚಿನಲ್ಲಿ ಒಂದು ಪಾಲು ಹೊರುವುದು ಅವನಿಗೂ ಒಳ್ಳೆಯದು.

ಬ್ಯಾಂಕುಗಳ ಮಾದರಿ ಶೈಕ್ಷಣಿಕ ಸಾಲ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲ, ನಿಮ್ಮ ಪಾಲಿನ ಹಣವನ್ನೂ ಕೇಳುವುದಿಲ್ಲ; ತಂದೆಯೋ ತಾಯಿಯೋ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ನಾಲ್ಕರಿಂದ ಏಳೂವರೆ ಲಕ್ಷದವರೆಗೆ ಮೂರನೆಯವರ ಜಾಮೀನು ಕೇಳಬಹುದು. ಅದನ್ನೂ ದಾಟಿದರೆ ಆಸ್ತಿಯ ಭದ್ರತೆ ಬೇಕು, ಅಂದರೆ ಗಡಿಗೆಯನ್ನೇ ಅಡವಿಟ್ಟಂತೆ. ನನ್ನ ಮಟ್ಟಿಗೆ ಏಳೂವರೆ ಲಕ್ಷ ಒಂದು ಗಡಿಗಲ್ಲು. ಕಂತು ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷದ ಮೇಲೆ. ತೀರಿಸಲು ಹದಿನೈದು ವರ್ಷದವರೆಗೆ ಕಾಲವಿರುತ್ತದೆ.

ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಇಲ್ಲಿಯೇ ತಂದೆ ತಾಯಿಗಳ ತ್ಯಾಗಕ್ಕೆ ಅತ್ಯಂತ ಬೆಲೆ ಬರುವ ಜಾಗ ಇದೆ, ಗಮನವಿಟ್ಟು ಓದಿ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ, ಬಡ್ಡಿ ಶೇಕಡಾ 10 ಎಂದುಕೊಳ್ಳಿ. ಓದಿನ ನಾಲ್ಕು ವರ್ಷ ಮತ್ತು ಬಿಡುವಿನ ಒಂದು ವರ್ಷದಲ್ಲಿ ಸರಳ ಬಡ್ಡಿಯೇ ಕ್ರಮವಾಗಿ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ನಲವತ್ತು ಸಾವಿರವಾಗುತ್ತದೆ. ಒಟ್ಟು 1,40,000. ಏನೂ ಕಟ್ಟದೆ ಬಿಟ್ಟರೆ ಕಂತು ಶುರುವಾಗುವ ದಿನ ಸಾಲ 5,40,000 ಆಗಿರುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 7,100. ಬಡ್ಡಿಯನ್ನಷ್ಟೇ ಆಗಾಗ ಕಟ್ಟುತ್ತ ಬಂದರೆ ಸಾಲ ನಾಲ್ಕು ಲಕ್ಷದಲ್ಲೇ ನಿಲ್ಲುತ್ತದೆ, ಕಂತು ಸುಮಾರು 5,300ಕ್ಕೆ ಇಳಿಯುತ್ತದೆ. ಹಾಗೆ ಕಟ್ಟುವುದಕ್ಕೆ ಮೊದಲ ವರ್ಷ ತಿಂಗಳಿಗೆ 833, ಎರಡನೆಯ ವರ್ಷ 1,667, ಮೂರನೆಯ ವರ್ಷ 2,500, ಆಮೇಲೆ 3,333 ಬೇಕು. ಹೈನದ ಹಾಲಿನಿಂದ, ಹೊಲಿಗೆಯಿಂದ, ಪಿಗ್ಮಿಯಿಂದ ಹೊಂದಿಸಬಹುದಾದ ಮೊತ್ತ. ಹೊಲ ಮಾರುವ ತಂದೆಗಿಂತ ತಿಂಗಳು ತಪ್ಪದೆ ಬ್ಯಾಂಕಿಗೆ ಹೋಗಿ ಬಡ್ಡಿ ಕಟ್ಟಿ ಬರುವ ತಂದೆ ಮಗನಿಗೆ ಹೆಚ್ಚು ಕೊಡುತ್ತಾನೆ.

ಎಷ್ಟು ಸಾಲ ತೆಗೆಯಬೇಕು ಎಂಬುದಕ್ಕೂ ಒಂದು ಅಳತೆ ಬೇಕು. ಆ ಕಾಲೇಜಿನ ಆ ವಿಭಾಗದಲ್ಲಿ ಕಳೆದ ವರ್ಷ ಓದು ಮುಗಿಸಿದ ನಾಲ್ಕು ಹುಡುಗರನ್ನು ಹುಡುಕಿ ಕೇಳಿ. ಕಾಲೇಜಿನ ಫಲಕದ ಮೇಲೆ ಬರೆದ ಅತಿ ದೊಡ್ಡ ಸಂಬಳವನ್ನು ನಂಬಬೇಡಿ. ಸಾಮಾನ್ಯ ಹುಡುಗನಿಗೆ ಕೈಗೆ ಬರುವುದೆಷ್ಟು ಎಂದು ತಿಳಿದುಕೊಳ್ಳಿ. ಕಂತು ಅದರ ಮೂರನೆಯ ಒಂದು ಭಾಗ ದಾಟಬಾರದು. ಇಪ್ಪತ್ತೆರಡು ಸಾವಿರ ಸಂಬಳಕ್ಕೆ 7,100ರ ಕಂತು ಅಂಚಿನಲ್ಲಿ ನಿಂತಿದೆ. 5,300 ಆದರೆ ಉಸಿರಾಡಲು ಜಾಗವಿದೆ.

ವರಮಾನ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಸೇರಿದ್ದರೆ ಓದಿನ ವರ್ಷಗಳ ಮತ್ತು ಬಿಡುವಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ಶಾಖೆಯಲ್ಲಿ ಅದನ್ನು ಬಾಯಿಬಿಟ್ಟು ಕೇಳಬೇಕು, ವರಮಾನ ಪ್ರಮಾಣಪತ್ರ ಕೊಡಬೇಕು. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ಸಿಗುತ್ತದೆ. ವರಮಾನ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ. ಆಡಳಿತ ಮಂಡಳಿ ಸೀಟಿಗೆ ಇದು ಅನ್ವಯಿಸುವುದಿಲ್ಲ. ಸಿಇಟಿಯಲ್ಲಿ ಸೀಟು ಪಡೆದ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳಿಗೆ ಆಯಾ ಅಭಿವೃದ್ಧಿ ನಿಗಮಗಳ ಅರಿವು ಸಾಲವಿದೆ. ಅದರ ಬಡ್ಡಿ ಬ್ಯಾಂಕಿನದಕ್ಕಿಂತ ಬಹಳ ಕಡಿಮೆ, ಮೊದಲು ಅಲ್ಲಿ ವಿಚಾರಿಸಿ.

ಸಹ-ಸಾಲಗಾರ ಎಂದರೆ ಬರಿಯ ಸಾಕ್ಷಿ ಎಂದುಕೊಳ್ಳಬೇಡಿ. ಮಗ ಕಂತು ತಪ್ಪಿಸಿದರೆ ನಿಮ್ಮ ಹೆಸರಿಗೂ ಕಪ್ಪು ಚುಕ್ಕೆ ಬೀಳುತ್ತದೆ. ಮುಂದಿನ ಸಲ ಟ್ರ್ಯಾಕ್ಟರ್ ಸಾಲಕ್ಕೋ ಬೆಳೆಸಾಲಕ್ಕೋ ಹೋದಾಗ ಅದು ಎದುರಾಗುತ್ತದೆ.

ಆರನೆಯ ಹೆಜ್ಜೆ: ಈ ನಾಲ್ಕು ಸಾಲಗಳನ್ನು ಮಾಡಬೇಡಿ

ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯ ಕೈಸಾಲ. ಎರಡು ಲಕ್ಷಕ್ಕೆ ತಿಂಗಳಿಗೆ ಆರು ಸಾವಿರ; ನಾಲ್ಕು ವರ್ಷದಲ್ಲಿ 2,88,000 ಬಡ್ಡಿ ಕಟ್ಟಿದ ಮೇಲೂ ಅಸಲು ಹಾಗೇ ಕೂತಿರುತ್ತದೆ. ಮಾಲು ಮಾರಿಸಿಕೊಡುವ ಅಡತಿ ಅಂಗಡಿಯ ಮುಂಗಡ: ಹಣ ತಂದವನು ಮಾಲನ್ನೂ ಅಲ್ಲಿಗೇ ಒಯ್ಯಬೇಕು, ಅವರು ಹೇಳಿದ ದರಕ್ಕೆ ತಲೆಯಾಡಿಸಬೇಕು. ಸಹಕಾರಿ ಸಂಘದ ಬೆಳೆಸಾಲ: ಅದಕ್ಕೆ ಬಡ್ಡಿ ಇಲ್ಲದಿರುವುದು ಸಕಾಲಕ್ಕೆ ತೀರಿಸಿದರೆ ಮಾತ್ರ. ಬೀಜ ಗೊಬ್ಬರದ ಹಣವನ್ನು ಶುಲ್ಕಕ್ಕೆ ಕಟ್ಟಿದರೆ ಹೊಲವೂ ಸೊರಗುತ್ತದೆ, ಪಹಣಿಯ ಮೇಲಿನ ಸಾಲದ ಬೋಜಾವೂ ಇಳಿಯುವುದಿಲ್ಲ. ಇನ್ನು ಹೆಂಡತಿಯ ಸ್ವಸಹಾಯ ಸಂಘದಲ್ಲಿ ಅವಳ ಹೆಸರಿಗೆ ತೆಗೆದ ಸಾಲ. ವಾರದ ಕಂತಿಗೆ ಮುಖ ಕೊಡಬೇಕಾದವಳು ಅವಳೊಬ್ಬಳೇ.

ಜನ ಇವಕ್ಕೆ ಬೀಳುವುದು ದುರಾಸೆಯಿಂದಲ್ಲ, ಅವಸರದಿಂದ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ಕೆಲವೇ ದಿನ ಇರುತ್ತವೆ, ಬ್ಯಾಂಕಿನ ಸಾಲ ಕೈಗೆ ಬರಲು ವಾರಗಳು ಬೇಕು. ಹಾಗಾಗಿ ಮೊದಲ ವರ್ಷದ ಶುಲ್ಕದಷ್ಟು ಹಣ ಏಪ್ರಿಲ್ ಹೊತ್ತಿಗೇ ಉಳಿತಾಯ ಖಾತೆಯಲ್ಲಿರಲಿ. ಸಾಕಾಗದಿದ್ದರೆ ಎರಡು ಮೂರು ತಿಂಗಳ ಮಟ್ಟಿಗೆ ಬ್ಯಾಂಕಿನಲ್ಲೇ ಬಂಗಾರ ಇಟ್ಟು ತನ್ನಿ, ಶೈಕ್ಷಣಿಕ ಸಾಲ ಬಂದ ಕೂಡಲೇ ಬಿಡಿಸಿಕೊಳ್ಳಿ. ನೀವೇ ಕಟ್ಟಿದ ಶುಲ್ಕವನ್ನು ರಸೀದಿ ನೋಡಿ ಸಾಲದಲ್ಲಿ ಸೇರಿಸಿಕೊಡುವ ಬ್ಯಾಂಕುಗಳೂ ಇವೆ.

ಏಳನೆಯ ಹೆಜ್ಜೆ: ಮಗುವನ್ನು ಕೂರಿಸಿಕೊಂಡು ಮಾತಾಡಿ

ಇದು ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಮನೆಗಳಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಒಂದು, ಮಗುವಿಗೆ ಏನನ್ನೂ ಹೇಳದಿರುವುದು. "ದುಡ್ಡಿನ ಚಿಂತೆ ನಿನಗೇಕೆ, ನೀನು ಓದು" ಎನ್ನುತ್ತೇವೆ. ಮಗ ಕಾಲೇಜಿನಲ್ಲಿ ಹತ್ತು ಜನರಂತೆ ಖರ್ಚು ಮಾಡುತ್ತಾನೆ, ಮೂರನೆಯ ವರ್ಷ ಒಮ್ಮೆಲೇ ಸತ್ಯ ತಿಳಿದು ಕುಸಿಯುತ್ತಾನೆ. ಇನ್ನೊಂದು, ದಿನ ಬೆಳಗಾದರೆ ಹೇಳುವುದು. "ನಿನಗಾಗಿ ಹೊಲ ಕಳೆದುಕೊಂಡೆವು" ಎಂಬ ಮಾತು ಕಿವಿಗೆ ಬಿದ್ದ ಮಗು ಪರೀಕ್ಷೆಯಲ್ಲಿ ನಪಾಸಾದಾಗ ಮನೆಗೆ ಬರಲು ಹೆದರುತ್ತದೆ. ಆ ಹೆದರಿಕೆ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನಾನು ಶಿಕ್ಷಕನಾಗಿ ಕಂಡಿದ್ದೇನೆ. ದಯವಿಟ್ಟು ಆ ಮಾತನ್ನು ಎಂದೂ ಆಡಬೇಡಿ.

ಲೆಕ್ಕವನ್ನು ಒಮ್ಮೆ ಪೂರ್ತಿ ತೋರಿಸಿ, ಆಮೇಲೆ ಅದರ ಗೊಡವೆ ಬೇಡ. ನನ್ನ ಮಗಳ ಎದುರು ನಾವು ನೋಟುಪುಸ್ತಕ ತೆರೆದದ್ದು ಅವಳ ದ್ವಿತೀಯ ಪಿಯುಸಿಯ ಡಿಸೆಂಬರಿನಲ್ಲಿ, ರಾತ್ರಿ ಊಟದ ನಂತರ.

"ಇಷ್ಟು ನಮ್ಮ ಕೈಯಲ್ಲಿದೆ. ಇಷ್ಟನ್ನು ಮುಟ್ಟುವುದಿಲ್ಲ. ನಡುವೆ ಕಡಿಮೆ ಬೀಳುವುದಕ್ಕೆ ಸಾಲ, ಅದನ್ನು ನೀನು ಮುಂದೆ ತೀರಿಸುತ್ತೀ. ಅಲ್ಲಿಯವರೆಗೆ ಬಡ್ಡಿ ನಮ್ಮದು" ಎಂದೆ.

ಅವಳು ಬಹಳ ಹೊತ್ತು ಪುಟ ನೋಡುತ್ತ ಕೂತಳು. "ಅಪ್ಪಾ, ಮುಟ್ಟುವುದಿಲ್ಲ ಎಂಬುದರಲ್ಲಿ ಅವ್ವನ ಕಣ್ಣಿನ ಆಪರೇಷನ್ ಬರೆದಿಲ್ಲವಲ್ಲ" ಎಂದಳು. ಬರೆದುಕೊಂಡೆವು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಮಗನಿಗೆ ಲಕ್ಷಗಟ್ಟಲೆ ಕೊಟ್ಟು ದೂರದ ಕಾಲೇಜು, ಮಗಳಿಗೆ ಊರಲ್ಲೇ ಸಿಗುವ ಯಾವುದಾದರೊಂದು ಪದವಿ ಎಂಬ ಲೆಕ್ಕ ಇಂದಿಗೂ ನಡೆಯುತ್ತಿದೆ. ಹೆಚ್ಚು ಅಂಕ ಅವಳದೇ ಆಗಿರುತ್ತದೆ. ನೋಟುಪುಸ್ತಕದಲ್ಲಿ ಇಬ್ಬರ ಹೆಸರಿಗೂ ಒಂದೇ ಮೊತ್ತ ಬರೆಯಿರಿ. ಹಿರಿಯವನಿಗೆ ಹೆಚ್ಚು ಖರ್ಚಾದರೆ, ಮುಂದೆ ತಂಗಿಯ ಓದಿಗೆ ಅವನು ಎಷ್ಟು ಹಾಕಬೇಕು ಎಂಬುದನ್ನು ಅವನ ಎದುರೇ ಬರೆಯಿರಿ.

ಎಂಟನೆಯ ಹೆಜ್ಜೆ: ಮಿತಿಯನ್ನು ಬರೆದಿಟ್ಟ ಮೇಲೆ ಕಾಲೇಜುಗಳ ಪಟ್ಟಿ ಮಾಡಿ

ಹಗೇವಿನ ಹಣ, ಖಚಿತವಾದ ವಿದ್ಯಾರ್ಥಿವೇತನ, ಹೊರಬಹುದಾದ ಸಾಲ, ಈ ಮೂರನ್ನು ಕೂಡಿಸಿ. ಬಂದ ಮೊತ್ತವೇ ನಿಮ್ಮ ಮಿತಿ. ಸಿಇಟಿಯ ಆಯ್ಕೆಪಟ್ಟಿ ತುಂಬುವಾಗ ಈ ಮಿತಿ ದಾಟುವ ಕಾಲೇಜನ್ನು ಪಟ್ಟಿಯಲ್ಲೇ ಹಾಕಬೇಡಿ. ಪಟ್ಟಿಯಲ್ಲಿದ್ದು ಸಿಕ್ಕಿಬಿಟ್ಟರೆ ಬಿಡುವ ಮನಸ್ಸು ಯಾರಿಗೂ ಬರುವುದಿಲ್ಲ. ಹಂಚಿಕೆಯ ನಂತರ ಕೇಳುವ ನಾಲ್ಕು ಆಯ್ಕೆಗಳ ಅರ್ಥವನ್ನೂ ಮೊದಲೇ ತಿಳಿದಿರಿ: ಒಂದನೆಯದು ಒಪ್ಪಿ ಸೇರುವುದು, ಎರಡನೆಯದು ಸೀಟು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಮೂರನೆಯದು ಸಿಕ್ಕಿದ್ದನ್ನು ಬಿಟ್ಟು ಕಾಯುವುದು, ನಾಲ್ಕನೆಯದು ಹೊರಬರುವುದು. ಮಿತಿಯೊಳಗಿನ ಸರ್ಕಾರಿ ಸೀಟು ಕೈಯಲ್ಲಿದ್ದಾಗ ಮೂರನೆಯದನ್ನು ಒತ್ತಬೇಡಿ.

ಈ ಹೊತ್ತಿಗೆ ಕಾಕಾ, ಮಾಮಾ, ಬೀಗರು ಎಲ್ಲರೂ ಸಲಹೆ ಕೊಡಲು ಬರುತ್ತಾರೆ. "ಒಬ್ಬನೇ ಮಗ, ಇಷ್ಟಕ್ಕೆ ಹಿಂದೆ ಸರಿಯುತ್ತೀರಾ?" ಎನ್ನುತ್ತಾರೆ. ಗೌರವದಿಂದ ಕೇಳಿಕೊಳ್ಳಿ, ಚಹಾ ಕೊಡಿ. ನೋಟುಪುಸ್ತಕವನ್ನು ಅವರ ಮುಂದೆ ತೆರೆಯುವ ಅಗತ್ಯವಿಲ್ಲ.

ಒಂಬತ್ತನೆಯ ಹೆಜ್ಜೆ: ಪ್ರತಿ ಜೂನ್‌ನಲ್ಲಿ ಪುಸ್ತಕ ತೆರೆಯಿರಿ

ಮಳೆ, ದರ, ಆರೋಗ್ಯ, ಯಾವುದೂ ಹೇಳಿದಂತೆ ನಡೆಯುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಲೆಕ್ಕ ತಿದ್ದಿ. ವಿದ್ಯಾರ್ಥಿವೇತನದ ಅರ್ಜಿ ನವೀಕರಿಸಿ, ವರಮಾನ ಪ್ರಮಾಣಪತ್ರದ ಅವಧಿ ನೋಡಿ. ಮುಗಿದಿದ್ದರೆ ನಾಡಕಚೇರಿಗೆ ಹೋಗಿ ಹೊಸದು ಮಾಡಿಸಿ. ಮಗುವಿಗೆ ಕೋರ್ಸು ಒಗ್ಗುತ್ತಿಲ್ಲ ಎಂದು ಮೊದಲ ವರ್ಷದಲ್ಲೇ ತಿಳಿದರೆ, ಕಟ್ಟಿದ ಹಣ ಹೋಯಿತೆಂದು ಎಳೆದುಕೊಂಡು ಹೋಗಬೇಡಿ. ಒಂದು ವರ್ಷದ ನಷ್ಟ ನಾಲ್ಕು ವರ್ಷದ ನಷ್ಟಕ್ಕಿಂತ ಚಿಕ್ಕದು.

ಓದು ಮುಗಿದು ಬಿಡುವಿನ ವರ್ಷದ ಎಂಟನೆಯ ತಿಂಗಳಾದರೂ ಕೆಲಸ ಸಿಗದಿದ್ದರೆ ಮೊದಲ ಕಂತು ತಪ್ಪುವವರೆಗೆ ಕಾಯಬೇಡಿ. ಮಗನನ್ನೋ ಮಗಳನ್ನೋ ಕರೆದುಕೊಂಡು ಶಾಖೆಗೆ ಹೋಗಿ, ಅವಧಿ ಹೆಚ್ಚಿಸಿ ಕಂತು ಇಳಿಸುವಂತೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ಕಂತು ತಪ್ಪುವ ಮುಂಚೆ ಬಂದವರ ಜೊತೆ ಬ್ಯಾಂಕು ಮಾತಾಡುವ ರೀತಿಯೇ ಬೇರೆ. ಆ ಪ್ರತಿಯನ್ನೂ ನೋಟುಪುಸ್ತಕದೊಳಗೆ ಇಡಿ.